ಹಿತ್ತಲ ಬಾಗಿಲಿನಿಂದ ಬಂದ ವಿದ್ಯುತ್

ಮಂಗಳವಾರ, 12 ಮಾರ್ಚ್ 2024

ಎರಡು ದಿನ ಕಾಡಿದ ತೊಂದರೆಯ ಬೇರು ಇವತ್ತು ಕೈಗೆ ಸಿಕ್ಕಿತು. ಬ್ಯಾಟರಿ ಉಳಿಸಲೆಂದು ನನ್ನ ಬೋರ್ಡಿನ ಕಂಟ್ರೋಲರ್ (ಪ್ರೋಗ್ರಾಮ್ ಓಡಿಸುವ ಚಿಪ್) ಆಗಾಗ ಸೆನ್ಸರ್ ಮಾಡ್ಯೂಲಿನ ವಿದ್ಯುತ್ ಕಡಿದು ಮತ್ತೆ ಕೊಡುತ್ತದೆ. ಕೊಟ್ಟ ಮೇಲೆ ಮಾಡ್ಯೂಲ್ ಕೆಲವೊಮ್ಮೆ ಮಾತೇ ಆಡುತ್ತಿರಲಿಲ್ಲ. ಪ್ರೋಗ್ರಾಮಿನ ಮೇಲೆ ಅನುಮಾನಪಟ್ಟು ಅದನ್ನು ಸಾಲು ಸಾಲಾಗಿ ಓದಿದ್ದೆ.

ರಾತ್ರಿ ಕೋಣೆಯ ದೀಪ ಆರಿಸಿದಾಗ ಕಣ್ಣಿಗೆ ಬಿತ್ತು: ವಿದ್ಯುತ್ ಕಡಿದಿದ್ದ ಮಾಡ್ಯೂಲಿನ ಕೆಂಪು ಎಲ್‌ಇಡಿ, ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಉರಿಯುತ್ತಿತ್ತು. ಮಲ್ಟಿಮೀಟರ್ ಇಟ್ಟು ನೋಡಿದರೆ ಸೊನ್ನೆ ಇರಬೇಕಾದಲ್ಲಿ 2.6 ವೋಲ್ಟ್! ಕಂಟ್ರೋಲರ್ ಮಾಡ್ಯೂಲಿನೊಡನೆ ಮಾತಾಡುವ ಸೀರಿಯಲ್ ತಂತಿ ಕಿತ್ತೆ, ಎಲ್‌ಇಡಿ ಆರಿತು.

ಸೀರಿಯಲ್ ತಂತಿ ಸುಮ್ಮನಿದ್ದಾಗಲೂ 3.3 ವೋಲ್ಟಿನಲ್ಲೇ ನಿಂತಿರುತ್ತದೆ. ಸ್ಥಾಯೀ ವಿದ್ಯುತ್ತಿನ ಹೊಡೆತ ತಡೆಯಲು ಬಹುತೇಕ ಚಿಪ್‌ಗಳು ಸಿಗ್ನಲ್ ಪಿನ್ನಿನಿಂದ ಪವರ್ ಲೈನಿಗೆ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಟ್ಟುಕೊಂಡಿರುತ್ತವೆ. ಪವರ್ ಲೈನ್ ಸತ್ತಾಗ ಕಾವಲಿಗಿದ್ದ ಆ ಡಯೋಡೇ ಬಾಗಿಲು ತೆರೆದು, ಸುಮಾರು 0.6 ವೋಲ್ಟ್ ಕಳೆದು ಉಳಿದದ್ದನ್ನು ಒಳಗೆ ಬಿಡುತ್ತದೆ. ಚಿಪ್ ಪೂರ್ತಿ ಆರುವುದಿಲ್ಲ, ಆದ್ದರಿಂದ ಅದರ ರೀಸೆಟ್ ಸರ್ಕ್ಯೂಟಿಗೆ ಹೊಸದಾಗಿ ಶುರುಮಾಡಬೇಕೆಂದು ತಿಳಿಯುವುದೂ ಇಲ್ಲ. ಡಯೋಡಿನಲ್ಲಿ ಮಿತಿಮೀರಿ ಹರಿದರೆ ಇನ್ನೂ ಕೆಟ್ಟದ್ದು: ಚಿಪ್ಪಿನೊಳಗೆ ಪವರಿನಿಂದ ಗ್ರೌಂಡಿಗೆ ನೇರ ದಾರಿ ಬಿದ್ದು ಸುಟ್ಟೇ ಹೋಗಬಹುದು. ಇದಕ್ಕೆ ಲ್ಯಾಚ್‌ಅಪ್ ಎನ್ನುತ್ತಾರೆ.

1985ರ ಏಪ್ರಿಲ್ 26ರಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪ್ಯೂಟರ್ ಕಂಪನಿಯಲ್ಲಿ ಮೊದಲ ಎಆರ್‌ಎಂ ಪ್ರೊಸೆಸರ್ ಚಿಪ್ ಓಡಿದಾಗಿನ ಕಥೆಯೂ ಇದೇ. ಚಿಪ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಅಳೆದರೆ ಮೀಟರ್ ಸೊನ್ನೆ ತೋರಿಸಿತು. ಬೋರ್ಡಿನಲ್ಲಿ ಅದಕ್ಕೆ ಪವರ್ ಸಂಪರ್ಕವೇ ಇರಲಿಲ್ಲ. ಸಿಗ್ನಲ್ ತಂತಿಗಳಿಂದ ಸೋರಿದ್ದರಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಓದಿದಾಗಲೆಲ್ಲ ಮೈ ನವಿರೇಳುತ್ತದೆ. ಅಷ್ಟು ಕಡಿಮೆ ಸಾಕಾಗಿದ್ದ ವಿನ್ಯಾಸ ಅದು!

ನನ್ನ ಬೋರ್ಡಿಗೆ ಮೊದಲು ಸೀರಿಯಲ್ ತಂತಿಯ ನಡುವೆ, ಹರಿವು ತಗ್ಗಿಸಲು, 1 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಚಿಪ್ಪಿಗೆ ರಕ್ಷಣೆ ಸಿಕ್ಕಿತು, ಆದರೆ ಮೈಕ್ರೋಆಂಪಿಯರ್‌ಗಳಲ್ಲಿ ಬದುಕುವ ಈ ಚಿಪ್ ಆಗಲೂ ಅರೆಜೀವದಲ್ಲೇ ಇತ್ತು. ಕೊನೆಗೆ ಪ್ರೋಗ್ರಾಮಿನ ಕ್ರಮ ಬದಲಿಸಿದೆ: ವಿದ್ಯುತ್ ಕಡಿಯುವ ಮುಂಚೆ ಸೀರಿಯಲ್ ಪಿನ್ ಸೊನ್ನೆಗೆ, ವಿದ್ಯುತ್ ಕೊಟ್ಟ ಮೇಲಷ್ಟೇ ಮತ್ತೆ ಮೇಲಕ್ಕೆ. ಐವತ್ತು ಸಲ ಆರಿಸಿ ಹೊತ್ತಿಸಿದೆ, ಐವತ್ತು ಸಲವೂ ಉತ್ತರ ಬಂತು.

ಪಕ್ಕದಲ್ಲಿ ಐ2ಸಿ ಎಂಬ ಇನ್ನೊಂದು ಬಗೆಯ ಸಿಗ್ನಲ್ ತಂತಿಗಳಿವೆ. ಅವನ್ನು ಸುಮ್ಮನಿದ್ದಾಗ ಮೇಲೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್‌ಗಳು ಎಂದೂ ಆರದ 3.3 ವೋಲ್ಟಿಗೆ ಕಟ್ಟಿಕೊಂಡಿವೆ, ಅಲ್ಲಿಂದಲೂ ಹೀಗೇ ಸೋರಬಹುದು. ನಾಳೆ ಅವನ್ನು ಬಿಚ್ಚಿ ಮಾಡ್ಯೂಲಿನ ಪವರ್ ಲೈನಿಗೇ ಬೆಸೆಯಬೇಕು.