ಹೆಬ್ಬೆಟ್ಟು ಒತ್ತಿದ್ದು 35 ಕೆಜಿಗೆ

ಹೋದ ತಿಂಗಳು ಪಕ್ಕದ ಮನೆ ಅಜ್ಜಿ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಹೊಸನಗರದ ಕಡೆ ಜಡಿಮಳೆ ಬೇರೆ. ಅಡಿಕೆ ಸುಲಿದು ಸುಲಿದು ಅಜ್ಜಿಯ ಬೆರಳಿನ ಗೆರೆಗಳೇ ಸವೆದಿವೆ, ಐದನೇ ಸಲಕ್ಕೆ ಹೆಬ್ಬೆಟ್ಟಿನ ಮೆಷಿನ್ ಒಪ್ಪಿಕೊಂಡಿತು. ಅಜ್ಜಿಯದ್ದು ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡು, ಮನೆಗೆ ತಿಂಗಳಿಗೆ 35 ಕೆಜಿ ಅಕ್ಕಿ ಸಿಗಲೇಬೇಕು. ಮನೆಗೆ ತಂದು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟರೆ 32! ಎದುರು ಮನೆಯವರದ್ದೂ ಸರಿಯಾಗಿ ಮೂರೇ ಕೆಜಿ ಕಮ್ಮಿ. ಕೇಳಿದ್ರೆ ಅಂಗಡಿಯವರು "ಚೀಲದಲ್ಲೇ ಕಮ್ಮಿ ಬರುತ್ತೆ" ಅಂದರು. ಇದು ಕೈತಪ್ಪಲ್ಲ, ಬೇಕಂತಲೇ ಮಾಡಿದ ಕಳ್ಳತನ. ನೂರು ಕಾರ್ಡಿಗೆ ಮೂರು ಕ್ವಿಂಟಾಲ್ ಆಯ್ತಲ್ವಾ? ಸಿಕ್ಕ ಅಕ್ಕಿಯನ್ನು ಮಾರಿಕೊಳ್ಳುವ ಕಾರ್ಡುದಾರರೂ ಇದ್ದಾರೆ, ಅದೂ ತಪ್ಪೇ, ಆದರೆ ಹಸಿದವರ ತೂಕಕ್ಕೇ ಕೈ ಹಾಕೋದು ನನಗೆ ಸಹಿಸೋಕೆ ಆಗಲ್ಲ. ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಅಜ್ಜಿ ಮಾತ್ರ ಹೆದರಿ ನನ್ನ ಕೈ ಹಿಡ್ಕೊಂಡು, "ಮುಂದಿನ ತಿಂಗಳು ಅಕ್ಕಿನೇ ಕೊಡದಿದ್ರೆ ಏನ್ ಮಾಡೋದು ಮಗಾ?" ಅಂದರು.