ನಿಮ್ಮ ಮನೆಯ ಕ್ರಿಸ್ಮಸ್ ಇಷ್ಟು ಸರಳ ಏಕೆ?

ನವೆಂಬರ್ ಕೊನೆಗೆ ಬಂದಿತೆಂದರೆ ಈ ಪ್ರಶ್ನೆಯೂ ಬರುತ್ತದೆ. ಆರಾಧನೆ ಮುಗಿದು ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಸಭೆಯ ಹೆಣ್ಣುಮಕ್ಕಳು ಕೇಳುತ್ತಾರೆ. ಬಳ್ಳಾರಿಯ ನಮ್ಮ ಓಣಿಯವರು ಕೇಳುತ್ತಾರೆ. ಗುಂತಕಲ್ಲಿನಲ್ಲಿರುವ ತಂಗಿ ಫೋನ್ ಮಾಡಿಯೇ ಕೇಳುತ್ತಾಳೆ: "ಅಕ್ಕಾ, ವರ್ಷಕ್ಕೊಂದು ಹಬ್ಬ. ಅದನ್ನೂ ಇಷ್ಟು ಸರಳವಾಗಿ ಮಾಡಿದರೆ ಮಕ್ಕಳ ಮುಖ ಬಾಡುವುದಿಲ್ಲವೇ?"

ಮಕ್ಕಳ ಮುಖ ಬಾಡಿಲ್ಲ. ಏಕೆಂದರೆ ನಮ್ಮ ಮನೆಯ ಹಬ್ಬ ಬಹಳ ಉದ್ದ. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಕಾಯುವ ಕಾಲ. 25ರಂದು ಹಬ್ಬ ಶುರುವಾಗುತ್ತದೆ; ನಕ್ಷತ್ರ ನೋಡಿ ಮೂಡಣದಿಂದ ಹೊರಟ ಜೋಯಿಸರು ಬಂದು ಕೂಸು ಯೇಸುವಿಗೆ ಅಡ್ಡಬಿದ್ದದ್ದನ್ನು ನೆನೆಯುವ ಜನವರಿ 6ರವರೆಗೆ ನಡೆಯುತ್ತದೆ. ಇದು ನಾನು ಕಂಡುಹಿಡಿದ ಪದ್ಧತಿಯಲ್ಲ, ಕ್ರೈಸ್ತ ಸಭೆ ಶತಮಾನಗಳಿಂದ ನಡೆಸಿಕೊಂಡು ಬಂದದ್ದು. ಈಗ ಹಲವರ ಮನೆಗಳಲ್ಲಿ ಡಿಸೆಂಬರ್ ಮೊದಲ ವಾರವೇ ಹಬ್ಬ ಏರಿ, 26ರ ಬೆಳಿಗ್ಗೆ ಇಳಿದುಹೋಗುತ್ತದೆ. ಕಾಯುವುದೇ ಇಲ್ಲವಾದ ಮೇಲೆ ಆ ಖಾಲಿ ಜಾಗವನ್ನು ಅಂಗಡಿ ತುಂಬುತ್ತದೆ. ನಾನು ಕೊಳ್ಳುವುದನ್ನು ಕಡಿಮೆ ಮಾಡಲು ಹಟ ಹಿಡಿದವಳಲ್ಲ. ಕಾಯುವುದನ್ನು ಮನೆಗೆ ಮರಳಿ ತಂದೆ, ಕೊಳ್ಳುವುದು ತಾನಾಗಿ ಕುಗ್ಗಿತು.

ಕಾಯುವುದೆಂದರೆ ಏನು ಮಾಡುತ್ತೀರಿ ಎಂದು ಮುಂದಿನ ಪ್ರಶ್ನೆ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟುತ್ತೇವೆ, ಅದೂ ನಿಧಾನವಾಗಿ. ಆ ಹೊತ್ತಿಗೆ ಸಿರುಗುಪ್ಪ, ಕಂಪ್ಲಿ ಕಡೆ ಭತ್ತದ ಕೊಯ್ಲು ಆಗಿರುತ್ತದೆ. ಒಂದು ಹಿಡಿ ಹೊಸ ಹುಲ್ಲು ಸಿಕ್ಕರೆ ಸಾಕು. ಕಟ್ಟಿಗೆಯ ಚಿಕ್ಕ ಪೆಟ್ಟಿಗೆಯೊಂದನ್ನು ಖಾಲಿ ಇಡುತ್ತೇವೆ. ರಾತ್ರಿ ಊಟಕ್ಕೆ ಮೊದಲು ಪ್ರತಿಯೊಬ್ಬರೂ ಅಂದು ತಾವು ಕಂಡ ಒಂದು ಒಳ್ಳೆಯ ಕೆಲಸವನ್ನು ಹೇಳಿ ಒಂದು ಎಳೆ ಹುಲ್ಲು ಅದರಲ್ಲಿಡಬೇಕು. ತಾನು ಮಾಡಿದ್ದನ್ನು ಹೇಳುವಂತಿಲ್ಲ, ಬೇರೆಯವರು ಮಾಡಿದ್ದನ್ನೇ ಹೇಳಬೇಕು. ಕಸದ ಗಾಡಿಯ ಅಣ್ಣ ಕೆಳಗಿಳಿದು ಪಕ್ಕದ ಮನೆಯ ಅಜ್ಜಿಯ ಬಕೆಟ್ಟನ್ನು ತಾನೇ ಎತ್ತಿ ಸುರಿದುಕೊಂಡದ್ದನ್ನು ಒಮ್ಮೆ ನನ್ನ ಮಗಳು ಹೇಳಿದಳು. ನಾನು ಅದೇ ಬಾಗಿಲಲ್ಲಿ ನಿಂತಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೀಗೆ ಎಳೆ ಎಳೆಯಾಗಿ ಕೂಸಿನ ಹಾಸಿಗೆ ಮೆತ್ತಗಾಗುತ್ತದೆ. ಕೂಸಿನ ಬೊಂಬೆ ಮಾತ್ರ 24ರ ರಾತ್ರಿಯವರೆಗೆ ಕಪಾಟಿನಲ್ಲೇ ಇರುತ್ತದೆ. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ ಮಾಡಿ ತೋರಿಸಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡತನದಲ್ಲಿ ಹುಟ್ಟಿದವನನ್ನು ಜನ ಕಣ್ಣಾರೆ ಕಾಣಲಿ ಎಂಬುದೇ ಫ್ರಾನ್ಸಿಸನ ಆಸೆಯಾಗಿತ್ತು.

ಇನ್ನೊಂದು ಕೆಲಸ ಓದುವುದು. ಇಡೀ ಸತ್ಯವೇದ, ಅಂದರೆ ಬೈಬಲ್, ಕನ್ನಡದಲ್ಲಿ ಅಚ್ಚಾದದ್ದು ನಮ್ಮ ಬಳ್ಳಾರಿಯಲ್ಲೇ, 1831ರಲ್ಲಿ. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಆ ಕೆಲಸದಲ್ಲಿ ತೊಡಗಿದ್ದರು. ಅಂಥ ಊರಿನ ಮಕ್ಕಳು ಯೇಸುವಿನ ಹುಟ್ಟನ್ನು ಹೇಳುವ ಲೂಕನ ಸುವಾರ್ತೆಯನ್ನು ಮೊಬೈಲಿನಲ್ಲಿ ಕೇಳಿಸಿಕೊಂಡು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ನನ್ನ ಮಕ್ಕಳು ಒತ್ತಕ್ಷರ ಬಂದಲ್ಲಿ ತಡವರಿಸುತ್ತಾರೆ, ತಡವರಿಸಲಿ. ಗಟ್ಟಿಯಾಗಿ ಓದಲು ಅವರಿಗೂ ಸರದಿ ಬರುತ್ತದೆ.

ಲೂಕನ ಎರಡನೆಯ ಅಧ್ಯಾಯದ ಕುರುಬರನ್ನು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇದೆ. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಹಿಂಡು ನಿಲ್ಲಿಸುವುದನ್ನು ಊರ ಹೊರಗೆ ಹೋದವರೆಲ್ಲ ಕಂಡಿದ್ದಾರೆ. ನಮ್ಮ ಬಂಧುಗಳ ಹೊಲದಲ್ಲಿ ಹಿಂಡು ನಿಂತಾಗ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸುತ್ತಲೂ ಬಲೆಯ ಬೇಲಿ, ಒಳಗೆ ಮೈಗೆ ಮೈ ಒತ್ತಿಕೊಂಡ ಕುರಿಗಳು. ಒಮ್ಮೆ ಕಂಬಳಿ ಹೊದ್ದು ಬೆಂಕಿಯ ಮುಂದೆ ಕುಳಿತ ಹಿರಿಯರೊಬ್ಬರು ಅಂದೇ ಹುಟ್ಟಿದ ಮರಿಯನ್ನು ಕಂಬಳಿಯೊಳಗೆ ಎದೆಗೆ ಒತ್ತಿಕೊಂಡು ಕುಳಿತಿದ್ದರು. ಮರಿಯ ಮೂತಿ ಮಾತ್ರ ಹೊರಗಿತ್ತು. ರಾತ್ರಿ ನಿದ್ದೆ ಮಾಡುವುದಿಲ್ಲವೇ ಎಂದು ಮಗ ಕೇಳಿದ. ತೋಳ, ಕಳ್ಳ ಇಬ್ಬರೂ ನಿದ್ದೆಗೆಟ್ಟಿರುತ್ತಾರೆ, ನಾವು ಮಲಗಿದರೆ ಹೇಗೆ ಎಂದರು. ದೇವದೂತನ ಸುದ್ದಿ ಮೊದಲು ತಲುಪಿದ್ದು ಇಂಥವರಿಗೆ. ಅರಮನೆಗೂ ಅಲ್ಲ, ದೇವಾಲಯದ ಯಾಜಕರಿಗೂ ಅಲ್ಲ. ಇದಕ್ಕಿಂತ ದೊಡ್ಡ ಉಡುಗೊರೆಯನ್ನು ಮಕ್ಕಳಿಗೆ ಯಾವ ಅಂಗಡಿಯಿಂದ ತರಲಿ?

ಹಾಗೆಂದು ಹೊಸ ಬಟ್ಟೆ, ತಿಂಡಿ ಇಲ್ಲವೆಂದಲ್ಲ. ತಲೆಗೊಂದು ಜತೆ ಬಟ್ಟೆ, ಕರ್ಜಿಕಾಯಿ, ಚಕ್ಕುಲಿ, ಹಬ್ಬದ ದಿನ ಬಿರಿಯಾನಿ, ಎಲ್ಲವೂ ಉಂಟು. ಕೈಯಲ್ಲಿರುವ ದುಡ್ಡಿನಲ್ಲಿ ಆಗುವಷ್ಟು, ಅಷ್ಟೇ. ನಮ್ಮದು ಜೀನ್ಸ್ ಹೊಲಿಯುವ ಊರು; ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಕ್ಕಳು ನಮ್ಮ ಸಭೆಯಲ್ಲೂ ಇದ್ದಾರೆ. ಸಂಘದ ಸಾಲ ತೆಗೆದು ಹಬ್ಬ ಮಾಡಿ ಯುಗಾದಿ ಕಳೆದರೂ ಕಂತು ಕಟ್ಟುತ್ತಿರುವ ಮನೆಗಳನ್ನು ಬಲ್ಲೆ. ಅವರಿಗೆ ಆ ಒತ್ತಡ ಎಲ್ಲಿಂದ ಬರುತ್ತದೆ? ನಮ್ಮಂಥ ಸಂಬಳದವರು ಹಾಕುವ ದೀಪದ ಸರಗಳಿಂದ, ಮನೆಮನೆಗೆ ಬಂದು ಕ್ರಿಸ್ಮಸ್ ಹಾಡು ಹಾಡುವ ಕರೋಲ್ ತಂಡಕ್ಕೆ ಇಡುವ ತಟ್ಟೆಗಳಿಂದ. ಕರೋಲ್ ಹಾಡುವವರು ನಮ್ಮ ಮನೆಗೆ ಬಂದಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಕೊಡುತ್ತೇನೆ. ಅದು ಯಾರ ಮನೆಯವರೂ ಕೊಡಬಹುದಾದದ್ದು. ಅವರು ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಹಾಡಿ, ಚಹಾ ಆರುವವರೆಗೂ ಕುಳಿತು ಮಾತನಾಡಿ ಹೋಗುತ್ತಾರೆ.

ಆ ವರ್ಷ ಸಾವು ಕಂಡ ಮನೆಯವರು ಹಬ್ಬ ಮಾಡುವುದಿಲ್ಲ. ಓಣಿಯೆಲ್ಲ ಝಗಮಗಿಸುವಾಗ ಅವರು ಬಾಗಿಲು ಮುಂದೆ ಮಾಡಿಕೊಂಡು ಕುಳಿತಿರುತ್ತಾರೆ. 25ರ ಮಧ್ಯಾಹ್ನ ನಮ್ಮ ಮೊದಲ ಬುತ್ತಿ ಅಂಥ ಮನೆಗೆ ಹೋಗುತ್ತದೆ, ಅಲ್ಲೇ ಕುಳಿತು ಜತೆಗೆ ಉಣ್ಣುತ್ತೇವೆ. ಮನೆಯಲ್ಲಿ ಹತ್ತು ಬಗೆ ಅಡುಗೆ ಹಚ್ಚಿಕೊಂಡಿದ್ದರೆ ಇದಕ್ಕೆ ಬಿಡುವೆಲ್ಲಿ?

25 ಕಳೆದ ಮೇಲಿನ ದಿನಗಳು ನನಗೆ ಇನ್ನೂ ಇಷ್ಟ. ಎಂಬತ್ತನಾಲ್ಕರ ವಿಧವೆ ಅನ್ನಳು ದೇವಾಲಯದಲ್ಲಿ ಕಾದು ಕಾದು ಕೊನೆಗೆ ಕೂಸನ್ನು ಕಂಡದ್ದನ್ನು ಓದುತ್ತೇವೆ. ಮತ್ತಾಯನ ಸುವಾರ್ತೆಯಲ್ಲಿ ಅರಸ ಹೆರೋದನಿಗೆ ಹೆದರಿ ಯೋಸೇಫನು ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೊರಡುವುದನ್ನು ಓದುತ್ತೇವೆ. ಗಂಟುಮೂಟೆ ಕಟ್ಟಿ ಬೆಂಗಳೂರಿಗೂ ಗೋವಾಕ್ಕೂ ಗುಳೆ ಹೋಗುವ ಕುಟುಂಬಗಳನ್ನು ಬಸ್ ನಿಲ್ದಾಣದಲ್ಲಿ ಕಾಣುವ ನಮ್ಮ ಮಕ್ಕಳಿಗೆ ಆ ಪ್ರಯಾಣ ದೂರದ ಕಥೆಯೆನಿಸುವುದಿಲ್ಲ. ಜೋಯಿಸರ ಬೊಂಬೆಗಳು ಕಿಟಕಿಯಿಂದ ಹೊರಟು ದಿನಕ್ಕಿಷ್ಟು ಸರಿಯುತ್ತ ಜನವರಿ 6ಕ್ಕೆ ಗೋದಲಿ ಮುಟ್ಟುತ್ತವೆ. ಸರಿಸುವ ಸರದಿಗಾಗಿ ಜಗಳವೂ ಆಗುತ್ತದೆ.

ನಮಗೂ ಹೀಗೆ ಮಾಡಬೇಕೆನಿಸಿದೆ, ಎಲ್ಲಿಂದ ಶುರುಮಾಡೋಣ ಎನ್ನುವವರಿಗೆ ಒಂದು ಮಾತು. ಕೇಕು ಬೇಡ, ನಕ್ಷತ್ರ ಬೇಡ ಎಂದು ಈ ವರ್ಷವೇ ಮಕ್ಕಳಿಂದ ಏನನ್ನೂ ಕಿತ್ತುಕೊಳ್ಳಬೇಡಿ, ಮೊದಲು ಸಂಜೆಯ ಓದು ಆರಂಭಿಸಿ. ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಲೂಕನ ಮೊದಲ ಅಧ್ಯಾಯದಲ್ಲಿ 80 ವಚನಗಳಿವೆ. ದಿನಕ್ಕೆ ನಾಲ್ಕೈದು ಓದಿದರೂ ಹಬ್ಬಕ್ಕೆ ಮುನ್ನ ಮುಗಿಯುತ್ತದೆ, 24ರ ರಾತ್ರಿಗೆ ಎರಡನೆಯ ಅಧ್ಯಾಯ ಸಿದ್ಧವಾಗಿರುತ್ತದೆ.