ಅಪ್ಪ-ಅಮ್ಮನಿಗೆ ಸ್ವಿಟ್ಜರ್ಲೆಂಡ್: ಎಷ್ಟು ಊರು, ಎಷ್ಟು ರಾತ್ರಿ?

"ಅಪ್ಪನಿಗೆ 70, ಅಮ್ಮನಿಗೆ 66. ಹತ್ತು-ಹನ್ನೆರಡು ದಿನ ಯುರೋಪ್ ತೋರಿಸಬೇಕು. ಗ್ರೂಪ್ ಟೂರ್ ವಾಸಿಯೋ, ನಾವೇ ಪ್ಲಾನ್ ಮಾಡುವುದು ವಾಸಿಯೋ?" ಪದೇ ಪದೇ ಬರುವ ಪ್ರಶ್ನೆ. ನೀವೇ ಪ್ಲಾನ್ ಮಾಡಿ ಎಂಬುದೇ ನನ್ನ ಉತ್ತರ. ಒಂದೇ ದೇಶ ಸಾಕು, 11 ರಾತ್ರಿಗೆ ಮೂರೇ ಊರು. ವಯಸ್ಸಾದವರಿಗೆ ನಡಿಗೆಗಿಂತ ಹೆಚ್ಚು ಸುಸ್ತಾಗುವುದು ಎರಡು ದಿನಕ್ಕೊಮ್ಮೆ ಸೂಟ್‌ಕೇಸ್ ಬಿಚ್ಚಿ ಕಟ್ಟುವುದರಿಂದ.

ಸ್ವಿಟ್ಜರ್ಲೆಂಡನ್ನೇ ತೆಗೆದುಕೊಳ್ಳಿ. ಜ್ಯೂರಿಚ್‌ನಲ್ಲಿ ಇಳಿದು ಜಿನೀವಾದಿಂದ ಮರಳುವಂತೆ ವಿಮಾನದ ಟಿಕೆಟ್ ಮಾಡಿಸಿ. ಬಂದ ದಾರಿಯಲ್ಲೇ ವಾಪಸ್ ಹೋಗುವ ಒಂದು ದಿನ ಉಳಿಯುತ್ತದೆ. ಲುಸರ್ನ್‌ನಲ್ಲಿ 4 ರಾತ್ರಿ, ಇಂಟರ್‌ಲಾಕೆನ್‌ನಲ್ಲಿ 4, ಮಾಂತ್ರೋದಲ್ಲಿ 3. ಜ್ಯೂರಿಚ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು. ಸುಮಾರು ಒಂದು ಗಂಟೆ ಹತ್ತು ನಿಮಿಷಕ್ಕೆ ಲುಸರ್ನ್. ಅಲ್ಲಿ ಹಳಿಗಳು ನಿಲ್ದಾಣದೊಳಗೇ ಕೊನೆಗೊಳ್ಳುವುದರಿಂದ ಯಾವ ಪ್ಲಾಟ್‌ಫಾರ್ಮಿನಿಂದಲೂ ಮೆಟ್ಟಿಲು ಹತ್ತದೆ ಹೊರಬರಬಹುದು. ಮಂಡಿ ನೋವಿರುವವರಿಗೆ ಇದು ಸಣ್ಣ ವಿಷಯವಲ್ಲ.

ಲುಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ನೇರ ರೈಲು, ಎರಡು ಗಂಟೆಯೊಳಗೆ. ಮೈರಿಂಗೆನ್‌ನಲ್ಲಿ ರೈಲು ಹಿಮ್ಮುಖವಾಗಿ ಹೊರಡುತ್ತದೆ. ವಾಪಸ್ ಹೋಗುತ್ತಿದೆ ಎಂದು ಗಾಬರಿಯಾಗಿ ಇಳಿಯಬಾರದೆಂದು ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ. ಮುಂದೆ ಮಾಂತ್ರೋಗೆ ಗೋಲ್ಡನ್‌ಪಾಸ್ ಎಕ್ಸ್‌ಪ್ರೆಸ್ ಎಂಬ ರೈಲು, ಮೂರೂಕಾಲು ಗಂಟೆ. 2022ರ ಡಿಸೆಂಬರ್‌ವರೆಗೆ ಜ್ವೈಸಿಮ್ಮೆನ್‌ನಲ್ಲಿ ಲಗೇಜ್ ಸಮೇತ ಇಳಿದು ಬೇರೆ ರೈಲು ಹತ್ತಬೇಕಿತ್ತು, ಏಕೆಂದರೆ ಹಳಿಗಳ ಅಗಲ ಬೇರೆ. ಈಗ ಗಾಲಿಗಳೇ ಅಗಲ ಬದಲಿಸಿಕೊಳ್ಳುತ್ತವೆ, ಪ್ರಯಾಣಿಕರು ಕೂತಲ್ಲೇ ಕೂತಿರಬಹುದು. ದಿನಕ್ಕೆ ಕೆಲವೇ ಬಾರಿ ಓಡುವ ರೈಲಿದು, ಸೀಟು ಮೊದಲೇ ಕಾದಿರಿಸಿ.

ಪಾಸ್ ವಿಷಯದಲ್ಲಿ ಹಣ ಪೋಲಾಗುವುದು ಹೆಚ್ಚು. ಈ ಪ್ರವಾಸಕ್ಕೆ 6 ದಿನದ ಸ್ವಿಸ್ ಟ್ರಾವೆಲ್ ಪಾಸ್ ಫ್ಲೆಕ್ಸ್ (ರೈಲು, ಬಸ್ಸು, ದೋಣಿಗೆ ನಮಗೆ ಬೇಕಾದ ದಿನಗಳಲ್ಲಿ ಮಾತ್ರ ಬಳಸುವ ಪಾಸ್) ಸಾಕು. ಬರುವ ದಿನ, ಹೊರಡುವ ದಿನ, ಊರು ಬದಲಿಸುವ ಎರಡು ದಿನ, ರಿಗಿ ಬೆಟ್ಟ, ಮ್ಯೂರೆನ್ ಹಳ್ಳಿ: ಲೆಕ್ಕ ಸರಿಯಾಗಿ ಆರು. ರೈಲು ಹತ್ತುವ ಮೊದಲು ಆ ದಿನವನ್ನು ಆನ್‌ಲೈನ್‌ನಲ್ಲಿ ಸಕ್ರಿಯಗೊಳಿಸಲೇಬೇಕು. ಉಳಿದ ದಿನ ಊರೊಳಗಿನ ಬಸ್ಸಿಗೆ ಉಳಿದುಕೊಳ್ಳುವ ಜಾಗದವರು ಕೊಡುವ ಗೆಸ್ಟ್ ಕಾರ್ಡ್ ನಡೆಯುತ್ತದೆ.

"ಯುಂಗ್‌ಫ್ರಾವ್ ನೋಡದೆ ಬರೋದಾ?" ಎನ್ನುತ್ತಾರೆ. ಆ ಶಿಖರದ ಪಕ್ಕದಲ್ಲಿ ರೈಲು ತಲುಪುವ ಜಾಗ ಯುಂಗ್‌ಫ್ರಾವ್‌ಯೋಖ್ 3,454 ಮೀಟರ್ ಎತ್ತರದಲ್ಲಿದೆ. ಸುಮಾರು 570 ಮೀಟರ್‌ನಲ್ಲಿರುವ ಇಂಟರ್‌ಲಾಕೆನ್‌ನಿಂದ ಒಂದೆರಡು ಗಂಟೆಯಲ್ಲೇ ಏರಿದರೆ ದೇಹ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆಸುತ್ತು, ಉಬ್ಬಸ ಬರಬಹುದು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಟಿಕೆಟ್ ತೆಗೆಯಬೇಡಿ. ನನ್ನ ಆಯ್ಕೆ ಮ್ಯೂರೆನ್. ಎತ್ತರ 1,638 ಮೀಟರ್, ಕಾರುಗಳಿಲ್ಲದ ಹಳ್ಳಿ, ಬೆಂಚಿನ ಮೇಲೆ ಕೂತರೆ ಎದುರಿಗೇ ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರ. ಪಾಸ್ ಅಲ್ಲಿಯವರೆಗೂ ನಡೆಯುತ್ತದೆ. ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನಾವ್‌ಗೆ ಹೋಗಿ, 1871ರಿಂದ ಓಡುತ್ತಿರುವ ಹಲ್ಲುಹಳಿ ರೈಲಿನಲ್ಲಿ ರಿಗಿ ಏರುವುದಕ್ಕೂ ಬೇರೆ ಟಿಕೆಟ್ ಬೇಡ.

ಊಟಕ್ಕಾಗಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ ಸಿಗುತ್ತವೆ. ಮೊಸರಿನ ಡಬ್ಬಿಯ ಮೇಲೆ 'ನೇಚರ್' ಎಂದಿದ್ದರೆ ಸಕ್ಕರೆ ಹಾಕದ್ದು. ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡ ಬೇಡ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಅನುಮತಿಯಿಲ್ಲ.

ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಆ ಮೊತ್ತ ನೋಡಿ ಅಗ್ಗದ್ದನ್ನು ಕೊಂಡುಬಿಡಬೇಡಿ. ಬಿಪಿ, ಶುಗರ್ ಇರುವುದನ್ನು ಬರೆದು ತಿಳಿಸಿ, ಅದಕ್ಕೂ ರಕ್ಷಣೆ ಇದೆಯೇ ಎಂದು ಪಾಲಿಸಿಯಲ್ಲೇ ಓದಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ವಿಮಾನದ ಸರಕಿನ ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಮಾತ್ರೆಯ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ವೀಲ್‌ಚೇರ್ ಬೇಕಿದ್ದರೆ ಹೊರಡುವ 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ, ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ ಎಂಬುದನ್ನೂ ಸೇರಿಸಿ ಹೇಳಿ.